ಕಪ್ಪು ಬಿಳುಪಿನ ಪೆಟ್ಟಿಗೆಯಲ್ಲಿ ಮತ್ತೆ ಚಂದನ

ನಮ್ಮ ಅತ್ತೆಯವರ ಕೋಣೆಯ ಮೂಲೆಯಲ್ಲಿ ಒಂದು ಟಿ.ವಿ. ಇದೆ. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಶಟರ್, ಶಟರಿಗೆ ಬೀಗ, ಬಲಗಡೆ ಕಟಕಟ ಎಂದು ತಿರುಗುವ ಚಾನೆಲ್ ಗುಂಡಿ. ಇಪ್ಪತ್ತು ಇಂಚಿನ ಕಪ್ಪು ಬಿಳುಪು. ಎಷ್ಟೋ ವರ್ಷಗಳಿಂದ ಅದು ಮಾಡುತ್ತಿದ್ದ ಕೆಲಸವೆಂದರೆ ಮಾತ್ರೆ ಡಬ್ಬಿಯನ್ನೂ ಪಂಚಾಂಗವನ್ನೂ ತಲೆಯ ಮೇಲೆ ಹೊತ್ತುಕೊಂಡಿರುವುದು. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವಾಗ ಗುಜರಿಗೆ ಹಾಕೋಣವೆಂದು ನಮ್ಮ ಯಜಮಾನರು ಅಂದರು. ಅತ್ತೆ ಏನೂ ಅನ್ನಲಿಲ್ಲ. ಶಟರಿನ ಬೀಗದ ಕೈಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು, ಅಷ್ಟೇ.

ಆಮೇಲೆ ನನ್ನ ಬಳಿ ಬಂದು ಕೇಳಿದರು: “ಏನಮ್ಮಾ, ಇದರಲ್ಲಿ ಚಂದನ ಬರುವ ಹಾಗೆ ಮಾಡಲು ಆಗುವುದಿಲ್ಲವೇ?”

ನಾನು ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 26 ವರ್ಷ ಮೀಟರು, ತಂತಿ, ಬೆಸುಗೆಕಡ್ಡಿಗಳ ಜೊತೆ ಕಳೆದವಳು. ಆಗುವುದಿಲ್ಲ ಎಂದು ಹೇಳಿ ಮರ್ಯಾದೆ ಕಳೆದುಕೊಳ್ಳುವ ಹಾಗಿರಲಿಲ್ಲ. ಮೂರು ಭಾನುವಾರ ಹಿಡಿಯಿತು. ಅದರಲ್ಲಿ ಒಂದು ಭಾನುವಾರ ಪೂರ್ತಿ ದಂಡ.

ದಂಡವಾದದ್ದು ಹೀಗೆ. ಮೈದುನನ ಮಗ ಒಂದು ಸಣ್ಣ ಡಬ್ಬಿ ತರಿಸಿಕೊಂಡು ಬಂದ. “ದೊಡ್ಡಮ್ಮ, ಇದನ್ನು ಹಾಕಿದರೆ ತಾರಸಿಯ ಹಳೆಯ ಆಂಟೆನಾದಲ್ಲೇ ಡಿಜಿಟಲ್ ಬರುತ್ತದೆ.” ಡಬ್ಬಿಯ ಮೇಲೆ ಡಿವಿಬಿ-ಟಿ2 ಎಂದು ಇತ್ತು, ಅಂದರೆ ಟವರಿನಿಂದ ಬರುವ ಡಿಜಿಟಲ್ ಪ್ರಸಾರ ಹಿಡಿಯುವಂಥದು. ಹುಡುಗನ ತರ್ಕದಲ್ಲಿ ತಪ್ಪಿರಲಿಲ್ಲ. ಅಮೆರಿಕದಲ್ಲಿ 2009ರಲ್ಲಿ, ಬ್ರಿಟನ್ನಿನಲ್ಲಿ 2012ರ ಹೊತ್ತಿಗೆ ಹಳೆಯ ಪದ್ಧತಿಯ ಅನಲಾಗ್ ಪ್ರಸಾರ ಮುಗಿದಾಗ ಅಲ್ಲಿನ ಎಷ್ಟೋ ಜನ ಮಾಡಿದ್ದು ಇದನ್ನೇ: ಆಂಟೆನಾ ಹಳೆಯದು, ಡಬ್ಬಿ ಹೊಸದು. ನಮ್ಮಲ್ಲಿ ನೆಲದ ಮೇಲಿನ ಟವರಿನಿಂದ ಡಿಜಿಟಲ್ ಪ್ರಸಾರವನ್ನು ದೂರದರ್ಶನ 2016ರಲ್ಲಿ ಆರಂಭಿಸಿದ್ದು 16 ನಗರಗಳಲ್ಲಿ. ಅದರಲ್ಲಿ ಬೆಂಗಳೂರು ಇದೆ, ನಮ್ಮೂರು ದಾವಣಗೆರೆ ಇಲ್ಲ. ನಾವು ಇಡೀ ಬೆಳಗ್ಗೆ ಆಂಟೆನಾ ತಿರುಗಿಸಿದೆವು. ಹುಡುಕಾಟ ನೂರು ಪ್ರತಿಶತ ಮುಗಿಯಿತು, ಸಿಕ್ಕ ಚಾನೆಲ್ ಸೊನ್ನೆ. ಬೆಂಗಳೂರಿನ ಟವರು ಇಲ್ಲಿಂದ ನೇರ ಗೆರೆಯಲ್ಲೇ ಸುಮಾರು ಇನ್ನೂರ ನಲವತ್ತು ಕಿಲೋಮೀಟರ್ ಆಚೆ. ಆ ಲೆಕ್ಕವನ್ನು ಆಂಟೆನಾ ಮುಟ್ಟುವ ಮೊದಲೇ ಹಾಕಬೇಕಿತ್ತು. ಮಂಡಕ್ಕಿ ಮೆಣಸಿನಕಾಯಿ ತಿಂದು ಡಬ್ಬಿಯನ್ನು ಕಪಾಟಿಗೆ ಸೇರಿಸಿದೆವು.

ಊರಿನ ಸಣ್ಣ ಟ್ರಾನ್ಸ್‌ಮಿಟರ್ ಯಾವ ದಿನ ನಿಂತಿತೋ ನಮ್ಮ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಅಷ್ಟು ಹೊತ್ತಿಗೆ ಕೇಬಲ್ ಬಂದು, ಕೇಬಲ್ಲಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿ, ಹಾಲ್‌ನಲ್ಲಿ ಚಪ್ಪಟೆ ಟಿ.ವಿ. ಕೂತಿತ್ತು. ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದೆಲ್ಲ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲೇ ಹೇಳಿತ್ತು. ನಮ್ಮಂಥ ಊರುಗಳಲ್ಲಿ ಅವುಗಳ ಜಾಗಕ್ಕೆ ಬಂದದ್ದು ಇನ್ನೊಂದು ಟವರಲ್ಲ, ಉಪಗ್ರಹ. ಹಾಗಾಗಿ ಅತ್ತೆಯ ಪೆಟ್ಟಿಗೆಗೆ ಇದ್ದ ದಾರಿ ಒಂದೇ: ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ.

ಮೊದಲು ಪೆಟ್ಟಿಗೆಗೆ ಜೀವ ಇದೆಯೇ ನೋಡಬೇಕಿತ್ತು. ಇಷ್ಟು ವರ್ಷ ಮಲಗಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. 100 ವ್ಯಾಟಿನ ಹಳೆಯ ಬಲ್ಬೊಂದನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬನ್ನು ಹಾದೇ ಸೆಟ್ಟಿಗೆ ಹೋಗುವಂತೆ, ಸೇರಿಸಿ ಹಾಕಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಸೆಟ್ಟು ಉಳಿಯುತ್ತದೆ. ಬಲ್ಬು ಒಮ್ಮೆ ಮಿನುಗಿ ಮಂದವಾಯಿತು. ಒಳ್ಳೆಯ ಲಕ್ಷಣ. ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಹತ್ತಿಯಂತೆ ಕೂತ ಧೂಳು, ಹಲ್ಲಿಯ ಎರಡು ಮೊಟ್ಟೆಚಿಪ್ಪು, ಅತ್ತೆ ಹದಿನೈದು ವರ್ಷದ ಹಿಂದೆ ಕಳೆದುಕೊಂಡ ಹೇರ್‌ಪಿನ್ನು. ಪಿಕ್ಚರ್ ಟ್ಯೂಬಿನ ಬದಿಯ ರಬ್ಬರ್ ಟೋಪಿಯ ಕೆಳಗೆ ಹತ್ತು ಸಾವಿರ ವೋಲ್ಟ್ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಕೂತಿರಬಹುದು. ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈಯ ಅರ್ಥ್ ಪಟ್ಟಿಗೆ ಸೇರಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಇಳಿಸಿದೆ. ಇದನ್ನು ಓದಿ ಹುಮ್ಮಸ್ಸು ಬಂದವರು ಇಲ್ಲಿ ಮಾತ್ರ ಹುಮ್ಮಸ್ಸು ತೋರಿಸಬೇಡಿ, ಗೊತ್ತಿದ್ದವರನ್ನು ಕರೆಯಿರಿ.

ಚಿತ್ರದ ಎತ್ತರ ಕುಗ್ಗಿತ್ತು. ಮೇಲೆ ಕೆಳಗೆ ಮೂರು ಬೆರಳಗಲ ಕಪ್ಪು, ನಡುವೆ ಪಟ್ಟಿಯ ಹಾಗೆ ‘ಇರುವೆಗಳು’, ಅಂದರೆ ಸಿಗ್ನಲ್ ಇಲ್ಲದ ಪರದೆಯ ಚುಕ್ಕೆಗಳು, ಹರಿದಾಡುತ್ತಿದ್ದವು. ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಹರಡುವ ವರ್ಟಿಕಲ್ ಭಾಗದ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿ ತಲೆ ಉಬ್ಬಿಸಿಕೊಂಡಿತ್ತು. ಮಂಡಿಪೇಟೆಯ ಕಡೆಯ ಅಂಗಡಿಯಲ್ಲಿ ಅದೇ ಅಳತೆಯದು ಕೆಲವೇ ರೂಪಾಯಿಗೆ ಸಿಕ್ಕಿತು. ಹಾಕಿದ ಮೇಲೆ ಇರುವೆಗಳು ಪರದೆಯ ತುಂಬ ಹರಡಿಕೊಂಡವು. ಚಾನೆಲ್ ಗುಂಡಿಯ ಒಳಗಿನ ಸಂಪರ್ಕಗಳು ಕಪ್ಪಾಗಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಲವತ್ತು ಸಲ ಆಚೀಚೆ ತಿರುಗಿಸಿದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಅದೇ ಸದ್ದು.”

ಈಗ ನಿಜವಾದ ಪ್ರಶ್ನೆ. ಫ್ರೀ ಡಿಶ್ ಬಾಕ್ಸಿನ ಹಿಂದೆ ಎಚ್‌ಡಿಎಂಐ ಇದೆ, ಕೆಂಪು ಬಿಳಿ ಹಳದಿ ಎ.ವಿ. ತೂತುಗಳಿವೆ. ಅತ್ತೆಯ ಪೆಟ್ಟಿಗೆಯ ಹಿಂದೆ ಇರುವುದು ಎರಡು ಸ್ಕ್ರೂ ಮಾತ್ರ. ಚಪ್ಪಟೆ ರಿಬ್ಬನ್ ವೈರಿನ ಎರಡು ತುದಿ ಸಿಕ್ಕಿಸುವ ಜಾಗ. ಪರಿಚಯದ ರಿಪೇರಿಯವರೊಬ್ಬರು, ವಿಡಿಯೊ ಆಂಪ್ಲಿಫೈಯರಿನ ಬುಡಕ್ಕೆ ನೇರವಾಗಿ ಎ.ವಿ. ವೈರ್ ಬೆಸುಗೆ ಹಾಕಿ, ಐದು ನಿಮಿಷದ ಕೆಲಸ ಅಂದರು. ಐದು ನಿಮಿಷದ ಕೆಲಸವೇ. ಆದರೆ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಪ್ಲಗ್ ತಿರುಗಿಸಿ ಹಾಕಿದೆ, ಆರಿತು. ಆ ಕಾಲದ ಎಷ್ಟೋ ಸೆಟ್ಟುಗಳ ಹಾಗೆ ಇದರಲ್ಲಿಯೂ ಟ್ರಾನ್ಸ್‌ಫಾರ್ಮರ್ ಇಲ್ಲ. ಮೇನ್ಸಿನ ಒಂದು ತಂತಿ ನೇರವಾಗಿ ಚಾಸಿಗೇ ಬರುತ್ತದೆ, ಫೇಸ್ ಬರುತ್ತದೋ ನ್ಯೂಟ್ರಲ್ ಬರುತ್ತದೋ ಪ್ಲಗ್ಗಿನ ಇಷ್ಟ. ಇದಕ್ಕೆ ಎ.ವಿ. ವೈರ್ ಸೇರಿಸಿದರೆ 230 ವೋಲ್ಟ್ ಸೆಟ್‌ಟಾಪ್ ಬಾಕ್ಸಿನ ಮೈಗೂ, ಕೇಬಲ್ಲಿನ ಜಾಲರಿಯ ಮೂಲಕ ತಾರಸಿಯ ಡಿಶ್ಶಿಗೂ ಹೋಗುತ್ತದೆ. ತಾರಸಿಯಲ್ಲಿ ನಾವು ಒದ್ದೆ ಬಟ್ಟೆ ಒಣಗಿಸುತ್ತೇವೆ.

ಆದ್ದರಿಂದ ಆಂಟೆನಾದ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಅಲ್ಲಿ ಕಂಪನಿಯವರೇ ತಡೆಗೋಡೆಯಾಗಿ ಕೆಪಾಸಿಟರ್ ಇಟ್ಟಿರುತ್ತಾರೆ. ಮೀಟರಿನಲ್ಲಿ ಸ್ಕ್ರೂವಿಗೂ ಚಾಸಿಗೂ ನಡುವೆ ಅಳೆದು, ದಾರಿ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡೆ. ಬಾಕ್ಸಿನ ಎ.ವಿ. ಸಂಕೇತವನ್ನು ಮತ್ತೆ ಟಿ.ವಿ. ಚಾನೆಲ್ ಆಗಿ ಮಾಡಿಕೊಡುವ ಆರ್‌ಎಫ್ ಮಾಡ್ಯುಲೇಟರ್ ಎಂಬ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಸಿಗುತ್ತದೆ. ಅದು ಚಾನೆಲ್ 3 ಅಥವಾ 4ರಲ್ಲಿ ಹೊರಡಿಸುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ಚಾನೆಲ್ 3ರ ಚಿತ್ರ 55.25 ಮೆಗಾಹರ್ಟ್ಸ್, ಧ್ವನಿ 60.75. ಯೋಚಿಸಿದರೆ ಅದು ಒಂದು ಪುಟ್ಟ ಅನಲಾಗ್ ಟಿ.ವಿ. ಕೇಂದ್ರವೇ. ಊರಿನದು ನಿಂತು ಹೋಯಿತು, ನಮ್ಮ ಅತ್ತೆಯವರದು ಆರಂಭವಾಯಿತು. ವ್ಯಾಪ್ತಿ ಒಂದೂವರೆ ಮೀಟರ್ ಕೇಬಲ್.

ಮಾಡ್ಯುಲೇಟರಿನ ಕೇಬಲ್ 75 ಓಮ್, ಪೆಟ್ಟಿಗೆಯ ಸ್ಕ್ರೂ 300 ಓಮ್. ನಡುವೆ ಇವೆರಡನ್ನೂ ಹೊಂದಿಸುವ ಪುಟ್ಟ ಸುರುಳಿ, ಬಾಲುನ್, ಬೇಕು. ಮೊದಲು ಪ್ರತಿ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇರುತ್ತಿದ್ದ ವಸ್ತು. ಈಗ ಕೇಳಿದರೆ ಹುಡುಗರು ಬಲೂನ್ ಅಂಗಡಿಯ ದಾರಿ ತೋರಿಸುತ್ತಾರೆ. ಎರಡು ತೂತಿನ ಸಣ್ಣ ಫೆರೈಟ್ ತುಂಡಿಗೆ ನಾನೇ ಸುತ್ತಿದೆ: 75ರ ಕಡೆಗೆ 2 ಸುತ್ತು, 300ರ ಕಡೆಗೆ 4 ಸುತ್ತು. ಸುತ್ತುಗಳ ಅನುಪಾತದ ವರ್ಗವೇ ಓಮ್‌ಗಳ ಅನುಪಾತವಾದ್ದರಿಂದ ಎರಡರ ವರ್ಗ ನಾಲ್ಕು, 75 ನಾಲ್ಕಲೆ 300. ಎರಡೂ ಸುರುಳಿಗಳು ಒಂದಕ್ಕೊಂದು ತಾಗದಂತೆ ಬೇರೆಬೇರೆ ಸುತ್ತಿದ್ದರಿಂದ ಮೇನ್ಸಿಗೆ ಇನ್ನೊಂದು ಅಡ್ಡಗೋಡೆಯೂ ಆಯಿತು.

ಇನ್ನು ತಾರಸಿ. ಇಲ್ಲಿ ನಾನು ಕಲಿತದ್ದಕ್ಕಿಂತ ಮರೆಯಬೇಕಾದದ್ದೇ ಹೆಚ್ಚಿತ್ತು.

ಬಾಚಣಿಗೆಯಂಥ ಹಳೆಯ ಆಂಟೆನಾ ತಿರುಗಿಸುವುದು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನಗೆ ದಕ್ಕಿದ ವಿದ್ಯೆ. ಮೇಲೆ ನಾನು, ಮೆಟ್ಟಿಲ ಮೇಲೆ ಮೈದುನ, ಕೆಳಗೆ ಟಿ.ವಿ. ಮುಂದೆ ಅತ್ತೆ. “ಬಂತೇ?” “ಸ್ವಲ್ಪ ಬಂತು!” “ಈಗ?” “ಹೋಯಿತು, ಹೋಯಿತು, ಹಿಂದಕ್ಕೆ!” ಆ ಆಂಟೆನಾ ಐವತ್ತು ಅರವತ್ತು ಡಿಗ್ರಿಯಷ್ಟು ಅಗಲವಾಗಿ ನೋಡುತ್ತಿತ್ತು. ತಪ್ಪು ದಿಕ್ಕಿಗಿದ್ದರೂ ಇರುವೆಗಳ ನಡುವೆ ಯಾರದೋ ಮುಖ ಕಾಣುತ್ತಿತ್ತು. ಆ ಮುಖ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಸರಿದರೆ ಚಿತ್ರ ತಾನಾಗಿ ತಿಳಿಯಾಗುತ್ತಿತ್ತು. ಸರಿಯಾದ ದಾರಿಯಲ್ಲಿದ್ದೇನೆಯೇ ಎಂದು ಪ್ರತಿ ಹೆಜ್ಜೆಗೂ ಅದೇ ಹೇಳುತ್ತಿತ್ತು. ಅರವತ್ತು ಸೆಂಟಿಮೀಟರಿನ ಡಿಶ್ ನೋಡುವುದು ಸುಮಾರು ಮೂರು ಡಿಗ್ರಿ. ಆ ಮೂರು ಡಿಗ್ರಿಯ ಹೊರಗೆ ಏನೂ ಇಲ್ಲ. ಅರ್ಧ ಮುಖವಿಲ್ಲ, ಇರುವೆ ಕೂಡ ಇಲ್ಲ, ಬರೀ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಫಲಕ. ಐದು ಡಿಗ್ರಿ ತಪ್ಪಿದ್ದೇನೆಯೋ ಐವತ್ತು ತಪ್ಪಿದ್ದೇನೆಯೋ ಅದು ಹೇಳುವುದಿಲ್ಲ. ಕೈಯ ಅಭ್ಯಾಸದಂತೆ ತಿರುಗಿಸುತ್ತ ಹೋದೆ. ಒಂದೂವರೆ ಗಂಟೆ.

ಕೆಳಗೆ ಇಳಿದು ಚಹಾ ಕುಡಿದು ಲೆಕ್ಕಕ್ಕೆ ಕೂತೆ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ್ದು. ನಮ್ಮ ಹಾಸನದ ನಿಯಂತ್ರಣ ಕೇಂದ್ರವೇ ಅದನ್ನು ಸುಪರ್ದಿಗೆ ತೆಗೆದುಕೊಂಡು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಲ್ಲಿಸಿತು. ದಾವಣಗೆರೆ ಇರುವುದು ಸುಮಾರು 14.5 ಉತ್ತರ, 75.9 ಪೂರ್ವ. ತ್ರಿಕೋನಮಿತಿ ಬಿಡಿಸಿದರೆ ಉತ್ತರದಿಂದ ಬಲಕ್ಕೆ 128 ಡಿಗ್ರಿ, ಅಂದರೆ ಆಗ್ನೇಯ. ನೆಲದಿಂದ ಮೇಲಕ್ಕೆ ಅರವತ್ಮೂರೂವರೆ ಡಿಗ್ರಿ. ಪಕ್ಕದ ಮನೆಯ ತೆಂಗಿನಮರ ಅಡ್ಡ ಬರುತ್ತದೆಂಬ ಚಿಂತೆ ಇಲ್ಲಿಗೆ ಕಳೆಯಿತು. ಮರ ಎಷ್ಟು ದೂರವಿದೆಯೋ ಡಿಶ್ಶಿನಿಂದ ಮೇಲಕ್ಕೆ ಅದರ ಎರಡರಷ್ಟು ಎತ್ತರವಿರದಿದ್ದರೆ ಸಾಕು.

ನನ್ನ ಎರಡು ತಪ್ಪೂ ಆಗ ಹೊಳೆದವು. ಈ ಡಿಶ್ ಬೋಗುಣಿಯ ಹಾಗೆ ಮುಖದ ನೇರಕ್ಕೆ ನೋಡುವುದಿಲ್ಲ. ಸಂಕೇತ ಹಿಡಿಯುವ ಮೂತಿಯಾದ ಎಲ್‌ಎನ್‌ಬಿಯ ತೋಳು ಕೆಳಗಿನಿಂದ ಬರುವುದರಿಂದ ಮುಖದ ನೇರಕ್ಕಿಂತ ಸುಮಾರು 24 ಡಿಗ್ರಿ ಮೇಲಕ್ಕೆ ಅದರ ನೋಟ. ಕಣ್ಣಿಗೆ ಅದು ಎದುರುಮನೆಯ ನೀರಿನ ಟ್ಯಾಂಕಿನತ್ತ ನೋಡುವಂತೆ ಕಂಡರೂ ಅದು ನೋಡುವುದು ಆಕಾಶವನ್ನೇ. ನಾನು ಮುಖವನ್ನೇ 63ಕ್ಕೆ ಎತ್ತಿ ನಿಲ್ಲಿಸಿದ್ದೆ. ಇನ್ನೊಂದು, ದಿಕ್ಕು ನೋಡಿದ್ದು ಮೊಬೈಲಿನ ದಿಕ್ಸೂಚಿಯಲ್ಲಿ. ಮುಂದೊಂದು ದಿನ ಮಹಡಿ ಕಟ್ಟೋಣವೆಂದು ತಾರಸಿಯಲ್ಲಿ ಬಿಟ್ಟ ಕಬ್ಬಿಣದ ಕಂಬಿಗಳ ಪಕ್ಕದಲ್ಲೇ ನಿಂತು. ಎರಡು ಮಾರು ಸರಿದು ನೋಡಿದರೆ ದಿಕ್ಸೂಚಿ ಇಪ್ಪತ್ತು ಡಿಗ್ರಿ ಬೇರೆಯೇ ಹೇಳಿತು. ಕಟ್ಟದ ಮಹಡಿ ನಮಗೆ ಕೊಟ್ಟ ಕಾಟ ಇದೇ ಮೊದಲಲ್ಲ.

ದಿಕ್ಸೂಚಿಯನ್ನು ಬಿಟ್ಟು ಸೂರ್ಯನನ್ನು ಹಿಡಿದೆ. ಆಗ ನವೆಂಬರಿನ ನಡುಭಾಗ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಸರಿಯಾಗಿ 128 ಡಿಗ್ರಿಯಲ್ಲಿರುತ್ತಾನೆ, ಎತ್ತರ 38 ಡಿಗ್ರಿ. 63.5ರಿಂದ 24 ಕಳೆದರೆ ಡಿಶ್ಶಿನ ಮುಖ ಇರಬೇಕಾದದ್ದು 39ರ ಆಸುಪಾಸು. ಅಂದರೆ ಆ ಹೊತ್ತಿನಲ್ಲಿ ಡಿಶ್ ಸೂರ್ಯನಿಗೆ ನೇರವಾಗಿ ಮುಖ ಒಡ್ಡಿ ನಿಂತರೆ ಆಯಿತು! ಮುಂದಿನ ಭಾನುವಾರ ಹಳೆಯ ಆಂಟೆನಾದ ಜಿಐ ಪೈಪನ್ನೇ ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಡಿಶ್ ಕೂರಿಸಿ, ಗಡಿಯಾರ ನೋಡುತ್ತ ಕಾದೆ. ಒಂಬತ್ತೂವರೆಗೆ ತೋಳಿನ ನೆರಳು ಡಿಶ್ಶಿನ ನಡುಗೆರೆಯ ಮೇಲೆ ಬೀಳುವಂತೆ ತಿರುಗಿಸಿ ನಟ್ಟನ್ನು ಅರ್ಧ ಬಿಗಿದೆ.

ಹುಡುಗನ ಕೈಗೆ ಸಣ್ಣ ಎಲ್‌ಇಡಿ ಟಿ.ವಿ., ಬಾಕ್ಸು ಕೊಟ್ಟು ತಾರಸಿಗೇ ಕರೆದೆ. ಬಾಕ್ಸಿನಲ್ಲಿ ಫ್ರೀ ಡಿಶ್‌ನ ಸಂಖ್ಯೆಗಳನ್ನು ತುಂಬಿಸಿದೆವು: 11090 ಮೆಗಾಹರ್ಟ್ಸ್, ವರ್ಟಿಕಲ್ (ಅಲೆ ನೆಟ್ಟಗೆ ಕಂಪಿಸುವ ಬಗೆ), ಸಿಂಬಲ್ ರೇಟ್ (ಸಂಕೇತದ ವೇಗ) 29500. ಏನೂ ಇಲ್ಲ. ಈ ಸಲ ಡಿಶ್ ಮುಟ್ಟಲಿಲ್ಲ, ಮೀಟರ್ ಹಿಡಿದೆ. ವರ್ಟಿಕಲ್‌ಗೆ ಬಾಕ್ಸು ಕೇಬಲ್ಲಿನೊಳಗೆ 13 ವೋಲ್ಟ್ ಕಳಿಸಬೇಕು, ಎಲ್‌ಎನ್‌ಬಿಗೆ ಅದೇ ಅನ್ನ. ತುದಿಯಲ್ಲಿ ಸೊನ್ನೆ. ಕೇಬಲ್ ತುದಿಯ ಎಫ್ ಕನೆಕ್ಟರಿನೊಳಗೆ ಜಾಲರಿಯ ಕೂದಲಿನಂಥ ಒಂದು ಎಳೆ ನಡುತಂತಿಗೆ ತಾಗಿತ್ತು. ಕತ್ತರಿಸಿ ಹೊಸದಾಗಿ ಕಟ್ಟಿದೆ.

“ದೊಡ್ಡಮ್ಮ, 70 ಬಂತು!”

“70 ಯಾವುದರಲ್ಲಿ?”

“ಸ್ಟ್ರೆಂತ್.”

ಬಾಕ್ಸು ಎರಡು ಪಟ್ಟಿ ತೋರಿಸುತ್ತದೆ. ಸ್ಟ್ರೆಂತ್ ಎನ್ನುವುದನ್ನು ನಂಬಬಾರದು. ಎಲ್‌ಎನ್‌ಬಿಗೆ ಕರೆಂಟು ಹೋದರೆ ಗೋಡೆ ನೋಡಿಕೊಂಡಿದ್ದರೂ ಅದು ಏರುತ್ತದೆ, ಆಚೀಚೆ ಕೆಲವೇ ಡಿಗ್ರಿ ದೂರದ ಬೇರೆ ಡಿಟಿಎಚ್ ಉಪಗ್ರಹಗಳ ಮೇಲೂ ಏರುತ್ತದೆ. ಕ್ವಾಲಿಟಿ ಎನ್ನುವುದು ಏಳುವುದು ನಾವು ಬರೆದ ಸಂಖ್ಯೆಗೆ ಹೊಂದುವ ಸಂಕೇತ ನಿಜಕ್ಕೂ ಸಿಕ್ಕಾಗ ಮಾತ್ರ. ಎತ್ತರವನ್ನು ಒಂದೊಂದು ಡಿಗ್ರಿ ಬದಲಿಸುತ್ತ, ಪ್ರತಿ ಎತ್ತರದಲ್ಲೂ ನಿಧಾನ ಎಡದಿಂದ ಬಲಕ್ಕೆ ಸವರುತ್ತ, ಪ್ರತಿ ಸಲ ನಾಲ್ಕು ಎಣಿಸುವಷ್ಟು ಕಾದೆ. ಬಾಕ್ಸಿಗೆ ಸಂಕೇತವನ್ನು ಗುರುತಿಸಿ ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ಸವರಿದರೆ ಉಪಗ್ರಹದ ಮೇಲೆಯೇ ಹಾದುಹೋದರೂ ಅದಕ್ಕೆ ತಿಳಿಯುವುದಿಲ್ಲ. ಮೂರನೆಯ ಸಾಲಿನಲ್ಲಿ ಕ್ವಾಲಿಟಿ ಸೊನ್ನೆಯಿಂದ 22ಕ್ಕೆ ಹಾರಿತು.

ಅಲ್ಲಿಗೇ ನಿಲ್ಲದೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ತಿರುಗಿಸಿದೆ. ಉಪಗ್ರಹ ನಮ್ಮ ನೆತ್ತಿಯ ರೇಖೆಯಿಂದ ಇಷ್ಟು ಪೂರ್ವಕ್ಕಿರುವಾಗ ಅದರ ‘ನೆಟ್ಟಗೆ’ ನಮಗೆ ಸುಮಾರು 50 ಡಿಗ್ರಿ ಓರೆ. ನೆಟ್ಟಗಿಟ್ಟ ಎಲ್‌ಎನ್‌ಬಿಗೆ ವರ್ಟಿಕಲ್ಲೂ ಹಾರಿಜಾಂಟಲ್ಲೂ ಕಲಸುಮೇಲೋಗರ. ಓರೆ ಮಾಡುತ್ತ ಹೋದಂತೆ 30, 48, 61, ಮತ್ತೆ 55. ಹಿಂದಕ್ಕೆ ಬಂದು 61ರಲ್ಲಿ ಬಿಗಿದೆ. ಕೊನೆಗೂ ಇಷ್ಟರಲ್ಲಿ ಹಳೆಯ ವಿದ್ಯೆ ಕೆಲಸಕ್ಕೆ ಬಂತು.

ಕೇಬಲ್ಲನ್ನು ಕೆಳಗಿಳಿಸಿ, ಬಾಕ್ಸು, ಮಾಡ್ಯುಲೇಟರು, ಬಾಲುನ್ನು, ಎರಡು ಸ್ಕ್ರೂ. ಅತ್ತೆ ಬೀಗ ತೆಗೆದು ಶಟರ್ ಸರಿಸಿದರು. ಗುಂಡಿಯನ್ನು 3ಕ್ಕೆ ತಿರುಗಿಸಿ ಸಣ್ಣ ಬಳೆಯಲ್ಲಿ ಫೈನ್ ಟ್ಯೂನ್ ಮಾಡಿದೆ. ಚಂದನದ ವಾರ್ತೆ ಓದುವವರು ಕಾಣಿಸಿಕೊಂಡರು, ಬಾಯಿ ಆಡಿಸಿದರು, ಬಂದದ್ದು ಮಾತ್ರ ಜೇನುನೊಣದ ಗುಂಯ್‌ಗುಟ್ಟುವಿಕೆ. “ಮೂಕಿ ಚಿತ್ರ ನೋಡಿದ ಕಾಲವೂ ನನಗೆ ನೆನಪಿದೆ, ಪರವಾಗಿಲ್ಲ” ಎಂದರು ಅತ್ತೆ. ಅವರಿಗೆ ಅಷ್ಟು ವಯಸ್ಸಾಗಿಲ್ಲ, ಅದು ನನಗೆ ಹೇಳಿದ ಸಮಾಧಾನ.

ನಮ್ಮ ಪದ್ಧತಿಯಲ್ಲಿ ಚಿತ್ರಕ್ಕೂ ಧ್ವನಿಗೂ ನಡುವೆ 5.5 ಮೆಗಾಹರ್ಟ್ಸ್ ಅಂತರ. ಅಮೆರಿಕದಲ್ಲಿ 4.5, ಚೀನಾದಲ್ಲಿ 6.5. ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೆ ಇದಕ್ಕೆಂದೇ ಎರಡು ಜಂಪರ್‌ಗಳಿದ್ದವು, ಕೂತಿದ್ದದ್ದು 6.5ರಲ್ಲಿ. ಚಿಮುಟದಿಂದ ಸರಿಸಿದೆ. ಅರ್ಧ ವಾಕ್ಯದಿಂದ ಧ್ವನಿ ಶುರುವಾಯಿತು, “…ಜಲಾಶಯದ ಒಳಹರಿವು” ಎಂದು.

ಇನ್ನೊಂದು ಚಿಲ್ಲರೆ ಕೆಲಸ ಬಾಕ್ಸಿನ ಮೆನುವಿನಲ್ಲಿತ್ತು. ಪರದೆಯ ಆಕಾರವನ್ನು 4:3 ಲೆಟರ್‌ಬಾಕ್ಸ್ ಮಾಡದಿದ್ದರೆ ಎರಡೂ ಬದಿಯ ಅಕ್ಷರಗಳು ಮರದ ಚೌಕಟ್ಟಿನೊಳಗೆ ಹೊಕ್ಕು ಮಾಯವಾಗುತ್ತಿದ್ದವು. ಹತ್ತಿರದಿಂದ ನೋಡಿದರೆ ಚಿತ್ರದ ಅಂಚುಗಳಲ್ಲಿ ಸಾಸಿವೆಯಂಥ ಚುಕ್ಕೆಗಳು ತೆವಳುತ್ತವೆ. ಅದು ಈ ಪೆಟ್ಟಿಗೆಗೆ ಅರ್ಥವಾಗದ ಬಣ್ಣ, ಬಣ್ಣವನ್ನು ಹೊತ್ತು ತರುವ 4.43 ಮೆಗಾಹರ್ಟ್ಸ್ ಉಪವಾಹಕ ಅಲೆ ಕಪ್ಪುಬಿಳುಪಿನಲ್ಲಿ ಹಾಗೆ ಕಾಣುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಕ್ರಿಕೆಟ್ಟಿನಲ್ಲಿ ಎರಡೂ ತಂಡಗಳು ಒಂದೇ ಬೂದುಬಣ್ಣ. ಅತ್ತೆಗೆ ಕ್ರಿಕೆಟ್ ಬೇಡ, ಯಜಮಾನರಿಗೆ ಬೇಕು, ಅವರಿಗೆ ಹಾಲ್‌ನ ಟಿ.ವಿ. ಇದೆ.

ಮೊನ್ನೆ ಜೋರು ಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಟ್ಟಿತು. ಹನ್ನೊಂದು ಗಿಗಾಹರ್ಟ್ಸಿನ ಅಲೆಯನ್ನು ದಪ್ಪ ಮಳೆ ನುಂಗುತ್ತದೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ ಎಂದು ಹೇಳಿದೆ. ಅತ್ತೆ ನಂಬಲಿಲ್ಲ. “ಮೇಲೆ ಹೋಗಿ ಸ್ವಲ್ಪ ತಿರುಗಿಸಿ ಬಾ” ಎಂದರು. ಕೊಡೆ ಹಿಡಿದು ತಾರಸಿಗೆ ಹೋದೆ, ಡಿಶ್ ಮುಟ್ಟದೆ ನಿಂತೆ. ಮಳೆ ಇಳಿಯಿತು. “ಬಂತು, ಬಂತು, ಅಲ್ಲೇ ಬಿಡು!” ಎಂದು ಕೆಳಗಿನಿಂದ ಕೂಗಿದರು.

ಹಳೆಯ ಆಂಟೆನಾದ ಕಡ್ಡಿಗಳಿಗೆ ಈಗ ಹೀರೆಬಳ್ಳಿ ಹಬ್ಬಿದೆ. ಬಾಕಿ ಇರುವುದು ಒಂದೇ ದೋಷ: ಪರದೆಯಲ್ಲಿ ಒಂದು ಮಸುಕು ಪಟ್ಟಿ ಕೆಳಗಿನಿಂದ ಮೇಲಕ್ಕೆ ನಿಧಾನ ತೇಲುತ್ತದೆ. ಪವರ್ ಭಾಗದ ಫಿಲ್ಟರ್ ಕೆಪಾಸಿಟರ್ ಸೋತಿದೆ, ಮೇನ್ಸಿನ ಏರಿಳಿತ ಚಿತ್ರದೊಳಗೆ ನುಸುಳುತ್ತಿದೆ. ಹೊಸದು ತಂದು ಮೂರು ವಾರವಾಯಿತು. ಅರ್ಧ ದಿನ ಸೆಟ್ಟು ಬಿಚ್ಚಿಡಬೇಕು. ಬೆಳಗ್ಗೆ ವಚನ, ಮಧ್ಯಾಹ್ನ ಹಳೆಯ ಚಿತ್ರ, ಸಂಜೆ ಕೃಷಿ, ಆಮೇಲೆ ವಾರ್ತೆ, ರಾತ್ರಿ ಪುಸ್ತಕ ಬಹುಮಾನದ ಕ್ವಿಜ್ ಎಂದು ಅತ್ತೆ ಬಿಡುವೇ ಕೊಡುತ್ತಿಲ್ಲ, ಮಲಗುವಾಗ ಶಟರ್ ಎಳೆದು ಬೀಗ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.